ಶನಿವಾರದ ಅರ್ಧ ವಡೆ

ಆ ವಡೆಯ ಇನ್ನರ್ಧ ತಿಂದವಳು ನಾನೇ, ಮಾದೇವಣ್ಣ.

ನೀವು ಅವತ್ತು ಎಲ್ಲರೆದುರು ಹೇಳಿದ್ದು ನಿಜ. ನಾನು ಎಲ್ಲರೆದುರು ಹೇಳಿದ್ದು ಸುಳ್ಳು. ಈ ಎರಡು ಸಾಲು ಬರೆಯುವುದಕ್ಕೆ ನನಗೆ ಏಳು ವರ್ಷ ಹಿಡಿಯಿತು. ಬರೆದದ್ದು ಈ ಕೈ — ದಾರದ ತುದಿ ಹಲ್ಲಲ್ಲಿ ಕಚ್ಚಿ ದಿನಕ್ಕೆ ಹತ್ತು ಹದಿನೈದು ಮುಖದ ಹುಬ್ಬು ತಿದ್ದುವ ಕೈ, ಎಂದೂ ಯಾರ ಚರ್ಮವನ್ನೂ ಕೊಯ್ಯದ ಕೈ ಅಂತ ಜಂಭ ಪಡುತ್ತಿದ್ದೆನಲ್ಲ, ಅದೇ ಕೈ. ಈ ಹಾಳೆಯನ್ನು ಹರಿದು ಹಾಕಿಬಿಡೋಣ ಅಂತ ಎರಡು ಸಲ ಎದ್ದಿದ್ದೇನೆ. ಮತ್ತೆ ಕೂತಿದ್ದೇನೆ.

ಕೆಲವು ಸಂಗತಿ ನಿಮಗೆ ಗೊತ್ತಿರುವುದೇ. ಆದರೆ ನೀವು ಅದನ್ನು ಗೋಡೆಯ ಆಚೆಯಿಂದ ನೋಡಿದಿರಿ. ಈಚೆ ಏನು ನಡೆಯಿತು ಅನ್ನುವುದು ನನಗೊಬ್ಬಳಿಗೇ ಗೊತ್ತು. ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ನಡುವೆ ಎಲ್ಲೂ ತಪ್ಪಿಸಿಕೊಳ್ಳದ ಹಾಗೆ.

ಸಿದ್ಧಾರ್ಥನಗರದ ಆ ಅಡ್ಡರಸ್ತೆಯಲ್ಲಿ ನಿಮ್ಮ ಟೀ ಅಂಗಡಿಗೂ ನನ್ನ ಪಾರ್ಲರಿಗೂ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ನನ್ನದು ಒಂದೇ ಕುರ್ಚಿಯ ಪಾರ್ಲರು. ತಲೆಗೆ ಬಣ್ಣ ಬಳಿದುಕೊಂಡ ಹೆಂಗಸರು ಮುಕ್ಕಾಲು ಗಂಟೆ ಎಲ್ಲೂ ಹೋಗುವಂತಿಲ್ಲ, ಸುಮ್ಮನೆ ಕೂರಬೇಕು. ಆ ಮುಕ್ಕಾಲು ಗಂಟೆಯೇ ಅವರಿಗೆಲ್ಲ ಹಬ್ಬ. ಮನೆಯಲ್ಲಿ ಅತ್ತೆಗೊಂದು ಕಾಫಿ, ಗಂಡನಿಗೊಂದು ಟೀ ಅಂತ ಒಲೆ ಮುಂದೆ ನಿಂತೇ ಸವೆದವರು ಇಲ್ಲಿ ಕಾಲು ಚಾಚಿ ಕೂತು, "ಒಂದು ಬೈಟು ಹೇಳು ಪದ್ಮಾ" ಅನ್ನುವರು. ನಾನು ಕಿಟಕಿ ತಟ್ಟುವೆ. ಒಂದು ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿ ನೀವು ಕಿಟಕಿಯಿಂದ ಒಳಗೆ ಚಾಚುವಿರಿ. ಒಂದು ಅವರಿಗೆ, ಒಂದು ನನಗೆ. ಆ ಅರ್ಧ ಲೋಟದಲ್ಲಿ ಇಡೀ ಬೀದಿಯ ಸುದ್ದಿ ಕರಗುತ್ತಿತ್ತು.

ಸ್ಟೆಲ್ಲಾ ಮಿಸ್ಸು ಅದರಲ್ಲಿ ಎಲ್ಲರಿಗಿಂತ ಮುಂದು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಆರು ವಾರಕ್ಕೊಮ್ಮೆ ಬಣ್ಣಕ್ಕೆ ಬರುತ್ತಿದ್ದರು. ನೀವು ಕಿಟಕಿಯಲ್ಲಿ ಇಣುಕಿ, "ಏನ್ ಮಿಸ್ಸು, ತಲೆಗೆ ಸಗಣಿ ಸಾರ್ಸ್ಕಂಡಂಗೆ ಕೂತಿದ್ದೀರಲ್ಲ" ಅಂದರೆ, ಅವರು ಬಿಡುತ್ತಿದ್ದರೇ? "ಸಗಣಿ ಅಲ್ಲ ಕಣಪ್ಪ, ಯೌವನ. ಬಾ ಇಲ್ಲಿ, ಮಿಕ್ಕಿದ್ದನ್ನ ನಿನ್ನ ಮೀಸೆಗೆ ಬಳಿಸ್ತೀನಿ."

ಆ ಶನಿವಾರವೂ ಹೀಗೇ ನಕ್ಕಿದ್ದಿರಿ ಇಬ್ಬರೂ.

ಶನಿವಾರ — ಅದನ್ನು ಸ್ವಲ್ಪ ಹೇಳಬೇಕು. ನನ್ನ ಅಪ್ಪನ ಅವ್ವ, ನನ್ನನ್ನು ಸಾಕಿದ ಅಜ್ಜಿ, ಸಾಯುವ ಮುಂಚೆ ನನ್ನ ಕೈ ಹಿಡಿದು, "ಶನಿವಾರ ಒಪ್ಪತ್ತು ಬುಡಬ್ಯಾಡ ಕಣವ್ವ" ಅಂದಿದ್ದಳು. ಮಧ್ಯಾಹ್ನ ಒಂದು ಊಟ, ಮಿಕ್ಕಂತೆ ನೀರು, ಟೀ. ಅಷ್ಟೆ. ಬೀದಿಗೆಲ್ಲ ಗೊತ್ತಿತ್ತು ಪದ್ಮ ಶನಿವಾರ ಏನೂ ಮುಟ್ಟುವುದಿಲ್ಲ ಅಂತ. ನಿಮಗಂತೂ ಗೊತ್ತೇ ಇತ್ತು. ಶನಿವಾರ ಕಿಟಕಿಯಲ್ಲಿ ಬರೀ ಲೋಟ ಬರುತ್ತಿತ್ತು, ತಟ್ಟೆ ಬರುತ್ತಿರಲಿಲ್ಲ.

ಅವತ್ತು ತಟ್ಟೆ ಬಂತು. ಮಸಾಲೆ ವಡೆ ಆಗತಾನೆ ಎಣ್ಣೆಯಿಂದ ಎತ್ತಿದ್ದಿರಿ. ಸಬ್ಬಸಿಗೆ ಸೊಪ್ಪಿನ ಪರಿಮಳ ಗೋಡೆ ತೂರಿ ಬಂದಿತ್ತು. ಮಿಸ್ಸು ಒಂದು ವಡೆ ಹೇಳಿದರು. ನೀವು ಅದನ್ನು ಮುರಿದು ಎರಡು ಮಾಡಿ ಕೊಟ್ಟಿರಿ, ಬಿಸಿ ಆರಲಿ ಅಂತ. ಮಿಸ್ಸು ಅರ್ಧ ತಿಂದು ಇನ್ನರ್ಧ ನನ್ನ ಕಡೆ ತಳ್ಳಿದರು. "ತಿನ್ನೇ. ದೇವರು ಅರ್ಧ ವಡೆ ಲೆಕ್ಕ ಇಡ್ತಾ ಕೂತಿಲ್ಲ" ಅಂದರು. ನಾನು ತಿಂದೆ. ಎರಡೇ ತುತ್ತು. ತಿಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ, ಅಜ್ಜಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಾಳೇನೋ ಅನ್ನುವ ಹಾಗೆ. ಅವತ್ತಿನ ತಪ್ಪು ಅಂತ ನನಗೆ ಅನ್ನಿಸಿದ್ದು ಅದೊಂದೇ — ಒಪ್ಪತ್ತು ಮುರಿದದ್ದು. ಎಂಥ ಮೂಢಳು ನಾನು. ನಿಜವಾದ ತಪ್ಪು ಅದಾಗಲೇ ಮಿಸ್ಸಿನ ತಲೆಯ ಮೇಲೆ ಒಣಗುತ್ತಿತ್ತು.

ಮಿಸ್ಸಿಗೆ ನಾಲ್ಕು ವರ್ಷದಿಂದ ಹಚ್ಚುತ್ತಿದ್ದ ಬಣ್ಣ ಅವತ್ತು ಮುಗಿದಿತ್ತು. ಮಾರುವ ಹೆಂಗಸೊಬ್ಬಳು ಹಿಂದಿನ ವಾರ ಹೊಸದೊಂದು ಪುಡಿ ಕೊಟ್ಟು ಹೋಗಿದ್ದಳು. ಕಪ್ಪು ಮೆಹಂದಿ ಅಂತ ಹೆಸರು, ಅರ್ಧ ಗಂಟೆಗೆಲ್ಲ ಕಾಗೆ ಕಪ್ಪು ಅಂದಿದ್ದಳು. ಹೊಸ ಬಣ್ಣ ಯಾವುದೇ ಇರಲಿ, ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಒಂದೆರಡು ದಿನ ಕಾಯಬೇಕು. ತುರಿಕೆ, ಗುಳ್ಳೆ ಏನೂ ಇಲ್ಲ ಅಂದರೆ ಮಾತ್ರ ತಲೆಗೆ. ನಮ್ಮ ಕಸುಬಿನಲ್ಲಿ ಕಲಿಸುವ ಮೊದಲ ಪಾಠ ಇದು. ಮಿಸ್ಸು ಅದನ್ನು ದೃಷ್ಟಿಬೊಟ್ಟು ಅನ್ನುತ್ತಿದ್ದರು. ಅವತ್ತು ನಾನು ದೃಷ್ಟಿಬೊಟ್ಟು ಇಡಲಿಲ್ಲ. ಬಣ್ಣ ಬದಲಾಗಿದೆ ಅಂತಲೂ ಹೇಳಲಿಲ್ಲ. ಹೇಳಿದ್ದರೆ ಅವರು ಸೋಮವಾರ ಬರುತ್ತೇನೆ ಅನ್ನುತ್ತಿದ್ದರು — ಅಷ್ಟೇ ಆಗುತ್ತಿದ್ದದ್ದು. ಎರಡು ದಿನ. ಅಷ್ಟಕ್ಕೆ ನಾನು ಯಾಕೆ… ಗೊತ್ತಿಲ್ಲ. ಏಳು ವರ್ಷ ಕೇಳಿಕೊಂಡಿದ್ದೇನೆ, ಗೊತ್ತಿಲ್ಲ.

ಇಪ್ಪತ್ತು ನಿಮಿಷಕ್ಕೆ ಮಿಸ್ಸು ನೆತ್ತಿ ಉರಿ ಅಂದರು. ತೊಳೆದೆ. ಹಣೆಯ ಅಂಚು ಕೆಂಪಾಗಿತ್ತು. "ಬಿಸಿಲು ಮಿಸ್" ಅಂದೆ. ಅವರು ನಂಬಿ ಮನೆಗೆ ಹೋದರು. ಸಂಜೆ ಆರಕ್ಕೆ ಅವರ ಯಜಮಾನರು ಆರೋಗ್ಯಪ್ಪ ಸರ್ ಫೋನು ಮಾಡಿದರು. ಮಾತು ತಡವರಿಸುತ್ತಿತ್ತು. ನರ್ಸಿಂಗ್ ಹೋಮಿಗೆ ಓಡಿದೆ.

ಮಾದೇವಣ್ಣ, ಆ ಮುಖವನ್ನು ನೀವು ನೋಡಲಿಲ್ಲ. ನಾಲ್ಕು ವರ್ಷ ನನ್ನ ಬೆರಳು ಓಡಾಡಿದ ಮುಖ ಅದು. ಯಾವ ಗೆರೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಅಲ್ಲಿ ಗೆರೆಯೇ ಇರಲಿಲ್ಲ. ಕಣ್ಣೆರಡೂ ಊದಿ ಮುಚ್ಚಿಹೋಗಿದ್ದವು. ತುಟಿ ಊದಿ ಹೊರಳಿತ್ತು. ಉಸಿರು — ಕುದಿಯುವ ನೀರಿನ ಪಾತ್ರೆಯ ಮೇಲೆ ಮುಚ್ಚಳ ಅದುರುತ್ತದಲ್ಲ, ಆ ಸದ್ದು. ಇವರು ಸಾಯುತ್ತಾರೆ, ಕೊಂದವಳು ನಾನು, ನನ್ನನ್ನು ಹಿಡಿದುಕೊಂಡು ಹೋಗುತ್ತಾರೆ. ಈ ಮೂರು ಮಾತು ತಲೆಯೊಳಗೆ ರಾಟೆಯ ಹಾಗೆ ತಿರುಗುತ್ತಿತ್ತು. ಆಗಲೇ ಡಾಕ್ಟರು ಬಂದು ಕೇಳಿದ್ದು.

"ತಲೆಗೆ ಏನಮ್ಮ ಹಚ್ಚಿದ್ದು? ಹೊಸದಾ?"

"ಇಲ್ಲ ಡಾಕ್ಟರ್. ನಾಲ್ಕು ವರ್ಷದಿಂದ ಅದೇ ಬಣ್ಣ. ಕಿವಿ ಹಿಂದೆ ಹಚ್ಚಿಯೂ ನೋಡಿದ್ದೆ."

"ಮತ್ತೆ ಏನು ತಿಂದರು?"

ಅವರು ಕೇಳಿದ್ದು ಅಷ್ಟೆ. ಬಾಗಿಲು ಅವರೇ ತೆರೆದುಕೊಟ್ಟ ಹಾಗಾಯಿತು. ನಾನು ಒಳಗೆ ನುಗ್ಗಿದೆ. "ಪಕ್ಕದ ಅಂಗಡಿ ವಡೆ ತಿಂದ್ರು ಡಾಕ್ಟರ್. ಕಡಲೆಬೇಳೆ ವಡೆ."

ಅಲ್ಲೇ ನಿಂತಿದ್ದ ಆರೋಗ್ಯಪ್ಪ ಸರ್ ಅದನ್ನು ಕೇಳಿಸಿಕೊಂಡರು. ಅವರ ಮುಖ ಗಟ್ಟಿಯಾದದ್ದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಇಂಜೆಕ್ಷನ್ ಕೊಟ್ಟರು, ಉಸಿರು ಹಗುರಾಯಿತು, ಮಿಸ್ಸು ಬದುಕಿದರು. ಕಡಲೆಬೇಳೆ ಮುಟ್ಟಬೇಡಿ ಅಂತ ಚೀಟಿಯಲ್ಲಿ ಬರೆದರು. ನಾನು ಹೇಳಿದ್ದನ್ನೇ ನಂಬಿ ಬರೆದರು, ಅವರದ್ದೇನೂ ತಪ್ಪಿಲ್ಲ.

ಮರುದಿನ ಭಾನುವಾರ. ಆರೋಗ್ಯಪ್ಪ ಸರ್ ಚರ್ಚಿನ ಪೂಜೆಗೂ ಹೋಗದೆ ನಿಮ್ಮ ಅಂಗಡಿಗೆ ಬಂದರು. ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ. ಅವತ್ತು ಅವರ ಕೂಗಿಗೆ ಎದುರು ಮನೆಯವರೆಲ್ಲ ಗೇಟಿಗೆ ಬಂದರು. ಎಣ್ಣೆ ಎಷ್ಟು ದಿನದ್ದು, ಬೇಳೆಗೆ ಏನು ಬೆರೆಸಿದ್ದೆ, ನನ್ನ ಹೆಂಡತಿ ಸತ್ತಿದ್ದರೆ ಏನು ಮಾಡುತ್ತಿದ್ದೆ… ನೀವು ಸೌಟು ಕೆಳಗಿಟ್ಟಿರಿ. ಕೈ ಮುಗಿದಿರಿ. ನನಗೆ ಈಗಲೂ ಒಂದೊಂದು ಮಾತೂ ಕಿವಿಯಲ್ಲಿದೆ.

"ಸಾರ್, ಬೆಳಗಿಂದ ನಲವತ್ತು ಜನ ತಿಂದವ್ರೆ ಸಾರ್. ಓಗ್ಲಿ ಬುಡಿ, ಮಿಸ್ಸು ತಿಂದಿದ್ದು ಅರ್ಧ. ಅದೇ ವಡೇಲಿ ಇನ್ನರ್ಧ ಪಾರ್ಲರಮ್ಮ ತಿಂದ್ರು. ಬೇಕಾದ್ರೆ ಕೇಳಿ. ಅಮ್ಮಣ್ಣೀ, ಏಳವ್ವ ನೀನೇ."

ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಪಾರ್ಲರಿನ ಮೆಟ್ಟಿಲ ಮೇಲೆ ನಿಂತಿದ್ದೆ. ಹೂಂ ಅಂದರೆ ಸಾಕಿತ್ತು. ಹೂಂ ಅಂದರೆ ವಡೆಯ ತಪ್ಪಲ್ಲ ಅಂತಾಗುತ್ತಿತ್ತು. ವಡೆಯದ್ದಲ್ಲ ಅಂದರೆ ಬಣ್ಣದ್ದು. ಬಣ್ಣದ್ದು ಅಂದರೆ ನನ್ನದು. ಒಂದು ಉಸಿರು ಒಳಗೆಳೆದುಕೊಳ್ಳುವಷ್ಟರಲ್ಲಿ ಇಷ್ಟನ್ನೂ ಲೆಕ್ಕ ಹಾಕಿದೆ. ಭಯ ಮನುಷ್ಯರನ್ನು ಪೆದ್ದರನ್ನಾಗಿ ಮಾಡುತ್ತದೆ ಅನ್ನುತ್ತಾರೆ, ಸುಳ್ಳು. ನನ್ನನ್ನು ಅದು ಬಲು ಜಾಣೆಯನ್ನಾಗಿ ಮಾಡಿತು.

"ಅಣ್ಣಾ, ನಿನ್ನೆ ಶನಿವಾರ ಅಲ್ವಾ? ನಂದು ಒಪ್ಪತ್ತು. ನಾನ್ಯಾಕೆ ವಡೆ ತಿನ್ಲಿ?"

ದೇವರ ಹೆಸರಿನಲ್ಲಿ ಹಿಡಿದ ಒಪ್ಪತ್ತು, ಯಾರು ಅನುಮಾನಪಡುತ್ತಾರೆ? ನೀವು ನನ್ನನ್ನೇ ನೋಡಿದಿರಿ. ಖಾಲಿ ತಟ್ಟೆಯನ್ನು ಕಿಟಕಿಯಿಂದ ಈಸಿಕೊಂಡವರು ನೀವು, ನಾನು ಬಾಯಿ ಒರೆಸಿಕೊಳ್ಳುವುದನ್ನು ಕಂಡಿದ್ದಿರೋ ಇಲ್ಲವೋ… ಆಮೇಲೆ ಮೆಲ್ಲಗೆ ಅಂದಿರಿ, "ಔದು. ಶನಿವಾರ. ನಂಗೇ ಮರ್ತೋಗಿತ್ತು."

ಆರೋಗ್ಯಪ್ಪ ಸರ್ ನಿಮ್ಮ ಕೊಡ ಎತ್ತಿ ಉರಿಯುತ್ತಿದ್ದ ಒಲೆಗೆ ನೀರು ಸುರಿದರು. ಚುಸ್ಸೆಂದು ಎದ್ದ ಹಬೆಯೊಳಗೆ ನೀವು ಕಾಣಿಸಲಿಲ್ಲ. ಅನ್ನ ಕೊಡುವ ಒಲೆಗೆ ನೀರು. ನನ್ನ ಅಜ್ಜಿ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ನಾನು ಮೆಟ್ಟಿಲಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿಮ್ಮ ಮಾತಿಗೆ ಅವತ್ತು ಇದ್ದ ಸಾಕ್ಷಿ ನಾನೊಬ್ಬಳೇ. ಆ ಸಾಕ್ಷಿಯೇ ಸುಳ್ಳಾಡಿತು. ಇದಕ್ಕಿಂತ ದೊಡ್ಡದಾಗಿ ನಾನು ಯಾರಿಗೂ ಏನೂ ಮಾಡಿಲ್ಲ.

ಆಮೇಲೆ ಆದದ್ದನ್ನು ಗೋಡೆಯ ಈಚೆ ಕೂತು ಕೇಳಿಸಿಕೊಂಡೆ. "ಒಂದು ಬೈಟು ಕೊಡಣ್ಣ, ವಡೆ ಬ್ಯಾಡ, ಮನೇಲಿ ಮಕ್ಕಳವ್ರೆ" ಅನ್ನುವರು, ನಗುವರು. ಆಸ್ಪತ್ರೆ ವಡೆ ಅಂತ ಹೆಸರಿಟ್ಟರು. ಮೊದಮೊದಲು ನೀವೂ ನಕ್ಕಿರಿ. ಆಮೇಲೆ ನಗು ನಿಂತಿತು. ಆಮೇಲೆ ಬಾಣಲೆಯ ಸದ್ದು ನಿಂತಿತು. ಮೂರು ತಿಂಗಳಿಗೆ ನೀವು ಬೆಂಚು, ಸ್ಟೌವು, ಡಬ್ಬಗಳನ್ನೆಲ್ಲ ಗಾಡಿಗೆ ಏರಿಸಿದಿರಿ. ಕಿಟಕಿ ತಟ್ಟಿ, "ಬತ್ತೀನಿ ಅಮ್ಮಣ್ಣಿ" ಅಂದಿರಿ. ನಾನು ಕಿಟಕಿ ತೆರೆಯಲಿಲ್ಲ. ಒಳಗೇ ಇದ್ದೆ, ಮಾದೇವಣ್ಣ. ನಿಮ್ಮ ನೆರಳು ಗಾಜಿನ ಮೇಲಿಂದ ಸರಿಯುವ ತನಕ ಉಸಿರು ಬಿಗಿಹಿಡಿದು ಕೂತಿದ್ದೆ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಅಷ್ಟು ಕೆಟ್ಟವಳು ನಾನು. ಆದರೆ ಅದು ಮುಗಿಯಲಿಲ್ಲ. ಅಜ್ಜಿ ಹೇಳುತ್ತಿದ್ದಳು, "ಸುಳ್ಳಿಗೆ ಕಾಲಿಲ್ಲ ಕಣವ್ವ, ಯಾರದಾದ್ರೂ ಎಗಲ ಮ್ಯಾಲೆ ಕೂತ್ಕಂಡೇ ಓಡಾಡದು." ನಿಮ್ಮ ಹೆಗಲಿಂದ ಇಳಿದು ಅದು ಮಿಸ್ಸಿನ ಹೆಗಲ ಮೇಲೆ ಕೂತಿತು.

ಯಾಕೆಂದರೆ ಮಿಸ್ಸಿಗೆ ಆಗದೆ ಇದ್ದದ್ದು ಕಡಲೆಬೇಳೆಯಲ್ಲ, ಆ ಕಪ್ಪು. ಅದು ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಹೀಗಾದ ಮೈಗೆ ಎರಡನೇ ಸಲ ಅದು ತಾಗಿದರೆ ಇನ್ನೂ ಜೋರಾಗಿ ಬರಬಹುದು ಅಂತ ನಮಗೆ ಕಲಿಸಿದ್ದಾರೆ. ಅಂದರೆ ಇನ್ನೊಂದು ಸಲ ಅವರು ಎಲ್ಲಾದರೂ, ಯಾರ ಹತ್ತಿರವಾದರೂ ತಲೆಗೆ ಕಪ್ಪು ಹಚ್ಚಿಸಿಕೊಂಡರೆ — ಹೋಳಿಗೆ ಬಿಟ್ಟು, ಕೋಸಂಬರಿ ಬಿಟ್ಟು, ಚಟ್ನಿ ಬಿಟ್ಟು, ತಾನು ಕ್ಷೇಮವಾಗಿದ್ದೇನೆ ಅಂದುಕೊಂಡು, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರೆ…

ಏಳು ವರ್ಷ ನಾನು ಅವರ ತಲೆಗೂದಲನ್ನು ಕಾವಲು ಕಾದೆ. "ವಯಸ್ಸಾಯ್ತಲ್ಲ ಮಿಸ್, ಕೆಮಿಕಲ್ ಬೇಡ" ಅಂತ ಬರೀ ಗೋರಂಟಿ ಸೊಪ್ಪು ಅರೆದು ಹಚ್ಚಿದೆ. ಕೂದಲು ಕೆಂಪಾಯಿತು. ಅವರು ಕನ್ನಡಿ ನೋಡಿ, "ಏನೇ ಇದು, ಹುಂಜದ ಜುಟ್ಟು ಮಾಡಿಟ್ಟೆ" ಅನ್ನುವರು. ನಾನು ನಗುವೆ. ಬೇರೆ ಪಾರ್ಲರಿಗೆ ಹೋದರೆ? ಮದುವೆ ಮನೆಯಲ್ಲಿ ಯಾರಾದರೂ ಹಚ್ಚಿಬಿಟ್ಟರೆ? ಆರನೇ ವಾರ ಅವರು ಬರುವುದು ಎರಡು ದಿನ ತಡವಾದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಫೋನು ಬಂದರೆ ಮೊದಲು ಅವರ ನಂಬರೇ ಅಂತ ನೋಡುವುದು. ಕುರ್ಚಿಯಲ್ಲಿ ಯಾರಾದರೂ ಹಣೆ ತುರಿಸಿಕೊಂಡರೆ ಬಟ್ಟಲು ಕೈಯಿಂದ ಜಾರುವುದು. ಮಿಸ್ಸಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತೀರಿ. "ನನ್ನ ತಲೆ ಮೇಲೆ ಇವಳಿಗಿರೋ ಕಾಳಜಿ ನನ್ನ ಮಗಳಿಗೂ ಇಲ್ಲ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಇನ್ನೊಂದು ಹೇಳಬೇಕು. ನಿಮಗೂ ನೆನಪಿರಬಹುದು. ನೀವು ಹೋದ ಮೂರು ವರ್ಷಕ್ಕೆ, ಸಾಮಾನು ತರಲು ಜಯಲಕ್ಷ್ಮಿಪುರಂ ಕಡೆ ಹೋಗಿದ್ದೆ. ಬೇಕರಿಯೊಂದರ ಮುಂದೆ ಟೀ ಎತ್ತಿ ಇಳಿಸುತ್ತಿದ್ದ ಕೈಯನ್ನು ನೋಡಿ ಕಾಲು ನಿಂತಿತು. ನೀವು. ಬೇರೆಯವರ ಅಂಗಡಿಯಲ್ಲಿ, ಬೇರೆಯವರು ಕೊಟ್ಟ ಟೋಪಿ ಹಾಕಿಕೊಂಡು. ತಿರುಗಿ ಹೋಗೋಣ ಅನ್ನುವಷ್ಟರಲ್ಲಿ ಕೂಗಿದಿರಿ, "ಅಮ್ಮಣ್ಣೀ! ಬಾ ಬಾ, ಸೊರಗ್ಬುಟ್ಟಿದ್ದೀಯಲ್ಲವ್ವ." ಟೀ ಕೊಟ್ಟಿರಿ. ಪೂರ್ತಿ ಲೋಟ. ಮನೆಯವರೆಲ್ಲ ಚೆನ್ನಾಗಿದ್ದಾರಾ ಅಂತ ಕೇಳಿದಿರಿ. ನಾನು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಆಗ ನೀವು, ಬಟ್ಟೆಯಲ್ಲಿ ಕಟ್ಟೆ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದಿರಿ:

"ಶನಿವಾರ ಒಪ್ಪತ್ತು ಇನ್ನೂ ಮಾಡ್ತಿದ್ದೀಯಾ?"

ಬೇಕೆಂದೇ ಕೇಳಿದಿರೋ, ಬರೀ ಕುಶಲಕ್ಕೆ ಕೇಳಿದಿರೋ — ಅದು ಇವತ್ತಿಗೂ ನನಗೆ ತಿಳಿದಿಲ್ಲ. "ಮಾಡ್ತಿದ್ದೀನಿ ಅಣ್ಣ" ಅಂದೆ. ನಾಲಿಗೆ ಸುಟ್ಟರೂ ಪೂರ್ತಿ ಟೀ ಗಟಗಟ ಕುಡಿದು ಬಸ್ಸು ಹತ್ತಿಬಿಟ್ಟೆ. ನಿಮಗೆ ನನ್ನ ಸುಳ್ಳು ಗೊತ್ತಿದೆಯೇನೋ ಅನ್ನುವ ಭಯ, ಗೊತ್ತಿಲ್ಲದೆಯೇ ಇಷ್ಟು ಪ್ರೀತಿಯಿಂದ ಮಾತಾಡಿಸಿದರೇನೋ ಅನ್ನುವ ಭಯ — ಎರಡರಲ್ಲಿ ಯಾವುದು ದೊಡ್ಡದು ಅಂತ ಹೇಳಲಾರೆ.

ಹೋದ ತಿಂಗಳು ಒಂದು ಮಧ್ಯಾಹ್ನ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಹುಬ್ಬು ತೆಗೆಯುತ್ತಿದ್ದೆ. ಒಂದು ಹುಬ್ಬು ಆಗಿತ್ತು. ಫೋನು ಬಂತು. ಆರೋಗ್ಯಪ್ಪ ಸರ್.

"ಪದ್ಮಮ್ಮ, ಒಂದು ಸಣ್ಣ ವಿಷಯ. ಈ ಕಪ್ಪು ಬಣ್ಣ ತಲೇಲಿ ಎಷ್ಟು ಹೊತ್ತು ಬಿಡಬೇಕು? ಡಬ್ಬದ ಮೇಲಿನ ಅಕ್ಷರ ಕಾಣಿಸ್ತಿಲ್ಲ ನಂಗೆ."

ದಾರವನ್ನು ಬೆರಳಿನಿಂದ ಬಿಚ್ಚಿದೆ. ಅವರು ಹೇಳುತ್ತಲೇ ಇದ್ದರು.

"ನಾಡಿದ್ದು ನಮ್ಮ ಮದುವೆಯಾಗಿ ನಲವತ್ತು ವರ್ಷ. ಫೋಟೋದಲ್ಲಿ ಹುಂಜದ ಥರ ಕಾಣಿಸ್ತೀನಿ ಅಂತ ಇವಳ ಗೋಳು. ನಿನಗೆ ಹೇಳಿದ್ರೆ ಬೈತೀಯ ಅಂತ ನನ್ನ ಕೈಲೇ ಹಚ್ಚಿಸ್ಕೊತಿದ್ದಾಳೆ. ಅರ್ಧ ಗಂಟೇನಾ, ಮುಕ್ಕಾಲಾ?"

"ಹಚ್ಚಬೇಡಿ ಸರ್! ತೊಳೀರಿ! ಈಗ್ಲೇ ತೊಳೀರಿ!"

ಹೇಗೆ ಕಿರುಚಿದೆನೋ, ಆ ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. ಅವಳನ್ನು ಒಂದೇ ಹುಬ್ಬಿನಲ್ಲಿ ಬಿಟ್ಟು ಓಡಿದೆ. ಎರಡು ಬೀದಿ. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದು. ಹಿತ್ತಲಿನಲ್ಲಿ ಮಿಸ್ಸು ಹಳೇ ಟವೆಲು ಹೊದ್ದು ಮಣೆಯ ಮೇಲೆ ಕೂತಿದ್ದರು, ಮುಂದಲೆಯಲ್ಲಿ ಬೈತಲೆಯುದ್ದಕ್ಕೂ ಕಪ್ಪು ಪಟ್ಟೆ. ಸರ್ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬ್ರಷ್ ಹಿಡಿದು ನಿಂತಿದ್ದರು. ನಾನು ಮಿಸ್ಸನ್ನು ನಲ್ಲಿಯ ಕೆಳಗೆ ಬಗ್ಗಿಸಿ ತೊಳೆದೆ, ತೊಳೆದೆ, ನೀರು ತಿಳಿಯಾದ ಮೇಲೂ ತೊಳೆದೆ. "ಏನೇ ಹುಚ್ಚಿ, ಬಿಡೇ, ನೆಗಡಿ ಆಗುತ್ತೆ" ಅಂತ ಅವರು ನಗುತ್ತಲೇ ಇದ್ದರು. ಅವರು ನಗುತ್ತಿರುವಾಗಲೇ ಹೇಳಿದೆ.

"ಅವತ್ತು ನಿಮ್ಮ ಮುಖ ಊದಿದ್ದು ವಡೆಯಿಂದ ಅಲ್ಲ ಮಿಸ್. ಬಣ್ಣದಿಂದ. ಬೇರೆ ಬಣ್ಣ ಹಾಕಿದ್ದೆ, ಹಚ್ಚಿ ನೋಡಿರಲಿಲ್ಲ. ಆ ವಡೆಯ ಇನ್ನರ್ಧ ನಾನು ತಿಂದಿದ್ದೆ. ನಿಮಗೆ ಗೊತ್ತಲ್ಲ, ನೀವೇ ಕೊಟ್ಟಿರಿ."

ನಲ್ಲಿ ಹಾಗೇ ಸುರಿಯುತ್ತಿತ್ತು. ಅವರು ತಲೆ ಎತ್ತಿದರು.

"ನಾನೇ ಕೊಟ್ಟೆ" ಅಂದರು ನಿಧಾನವಾಗಿ. "ಹೌದು. ನಾನೇ ಕೊಟ್ಟೆ. ಆಸ್ಪತ್ರೆಯಿಂದ ಬರೋ ಅಷ್ಟರಲ್ಲಿ ಗಲಾಟೆ ಎಲ್ಲ ಮುಗಿದಿತ್ತು. ಯಾರೂ ನನ್ನ ಕೇಳಲಿಲ್ಲ. ನಾನೂ ಯೋಚನೆ ಮಾಡ್ಲಿಲ್ಲ."

ಆರೋಗ್ಯಪ್ಪ ಸರ್ ಕೈಗೆ ಕಟ್ಟಿದ್ದ ಚೀಲವನ್ನು ಬಿಚ್ಚಲೇ ಇಲ್ಲ. ಕಟ್ಟೆಯ ಮೇಲೆ ಕುಸಿದು ಕೂತರು. "ಆ ಮನುಷ್ಯನ ಒಲೆಗೆ ನೀರು ಹುಯ್ದೆ ನಾನು" ಅಂದರು. ಅಷ್ಟೇ. ಮತ್ತೆ ಅದನ್ನೇ ಅಂದರು.

ಆಟೋ ಹಿಡಿದು ಮೂವರೂ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ, ಅಲ್ಲಿ ಕೂರಿಸಿಕೊಂಡಿದ್ದ ಅಷ್ಟೂ ಹೊತ್ತು, ನಾನು ಮಿಸ್ಸಿನ ಮುಖದಿಂದ ಕಣ್ಣು ಕೀಳಲಿಲ್ಲ. ರೆಪ್ಪೆ ದಪ್ಪವಾಯಿತೇ, ತುಟಿ ಊದಿತೇ, ಉಸಿರಿನ ಸದ್ದು ಬದಲಾಯಿತೇ… ಹಣೆಯ ಅಂಚಿನಲ್ಲಿ ಗುಳ್ಳೆ ಎದ್ದವು, ಕಣ್ಣು ಸ್ವಲ್ಪ ಊದಿತು. ಔಷಧಿಗೆ ಅಷ್ಟರಲ್ಲೇ ನಿಂತಿತು. ಆಮೇಲೆ ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ ಕಪ್ಪು ಬಣ್ಣವೇ ಕಾರಣ ಅಂದರು. ಬೇಳೆಯ ಪರೀಕ್ಷೆಯನ್ನೂ ಬೇರೆಯಾಗಿ ಮಾಡಿದರು. ಅದರಿಂದ ಏನೂ ಇಲ್ಲವಂತೆ.

ಅವತ್ತು ಆಸ್ಪತ್ರೆಯಿಂದ ಮರಳಿದಾಗ ಮಿಸ್ಸಿನ ಮನೆಯ ಬಾಗಿಲಲ್ಲಿ ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದೆ ಸರಿದರು.

"ಬೇಡ ಕಣಮ್ಮ. ಪಾಪನಿವೇದನೆ ಕೇಳೋಕೆ ನಾನೇನು ಫಾದರ್ ಅಲ್ಲ. ನನಗೆ ಹೇಳಿಬಿಟ್ಟೆ, ಮುಗೀತು ಅಂತ ತಿಳ್ಕೋಬೇಡ. ನನಗೆ ಊದಿದ್ದು ಮೂರು ದಿನ. ಏಳು ವರ್ಷ ಹೋಳಿಗೆ ತಿನ್ನಲಿಲ್ಲ, ಅದೇನು ದೊಡ್ಡದು. ಆ ಮಾದೇವ ನಿನ್ನ ನಂಬಿ ಎಲ್ಲರ ಮುಂದೆ ನಿನ್ನ ಕಡೆ ಕೈ ತೋರಿಸಿದ. ಅದಕ್ಕೇನು ಮಾಡ್ತೀಯ?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. ಆಮೇಲಿಂದ ಅವರು ನನ್ನ ಪಾರ್ಲರಿಗೆ ಬಂದಿಲ್ಲ. ರಸ್ತೆಯಲ್ಲಿ ಸಿಕ್ಕರೆ ತಲೆ ಆಡಿಸುತ್ತಾರೆ. ಕೂದಲು ಬೆಳ್ಳಗಾಗುತ್ತಿದೆ, ಬುಡದಿಂದ.

ಆರೋಗ್ಯಪ್ಪ ಸರ್ ನಿಮ್ಮ ಹತ್ತಿರ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಾನೇ ಬೇಡಿಕೊಂಡೆ, ಒಂದು ದಿನ ತಡೆಯಿರಿ ಅಂತ. ಅವರು ಬಂದರೆ ಮೊದಲು ಕ್ಷಮೆ ಕೇಳುವವರು ಅವರು. ಅವರಿಗೆ ನೀವು ಹೇಳುವ ಒಳ್ಳೆಯ ಮಾತಿನ ಹಿಂದೆ ನಾನು ಬಚ್ಚಿಟ್ಟುಕೊಂಡುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಅವರದ್ದು ಸಿಟ್ಟು, ಅದೂ ನಾನು ಹೊತ್ತಿಸಿದ್ದು. ನನ್ನದು ಸಿಟ್ಟಲ್ಲ. ಎಚ್ಚರವಾಗಿದ್ದು, ಲೆಕ್ಕ ಹಾಕಿ ಮಾಡಿದ್ದು. ಅದನ್ನು ಬೇರೆ ಮಾಡಿಯೇ ನಿಮ್ಮ ಮುಂದೆ ಇಡಬೇಕು.

ಇದನ್ನು ಬರೆದಿದ್ದು ಯಾಕೆಂದರೆ, ಬರೀ ಕೈಯಲ್ಲಿ ಬಂದರೆ ನಿಮ್ಮ ಮುಖ ಕಂಡ ತಕ್ಷಣ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೇನೋ ಅನ್ನುವ ಭಯ. ಅಕ್ಷರ ಹಿಂದಕ್ಕೆ ಹೋಗುವುದಿಲ್ಲ. ನೀವು ಈಗಲೂ ಅದೇ ಬೇಕರಿಯಲ್ಲಿದ್ದೀರಿ ಅಂತ ವಿಚಾರಿಸಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಅದು ತೆರೆಯುವ ಹೊತ್ತಿಗೆ ಬಂದು ಇದನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ. ಓದಿಯಾದ ಮೇಲೆ, ನೀವು ಒಪ್ಪಿದರೆ, ಇಬ್ಬರೂ ನಮ್ಮ ಬೀದಿಗೆ ಹೋಗೋಣ. ಅವತ್ತು ಗೇಟಿನಲ್ಲಿ ನಿಂತು ನೋಡಿದ ಒಂದೊಂದು ಮನೆಯ ಬಾಗಿಲನ್ನೂ ನಾನು ತಟ್ಟುತ್ತೇನೆ. ನೀವು ಒಪ್ಪದಿದ್ದರೆ ನಾನೊಬ್ಬಳೇ ತಟ್ಟುತ್ತೇನೆ. ಆಮೇಲೆ ನನ್ನ ಕುರ್ಚಿಯಲ್ಲಿ ಯಾರೂ ಕೂರದೆ ಹೋಗಬಹುದು. ಕೂರದಿರಲಿ.

ನೀವು ಬಯ್ಯಬಹುದು, ಕಾಗದ ಮುಖಕ್ಕೆ ಎಸೆಯಬಹುದು. ಅದಕ್ಕೆ ಭಯವಿಲ್ಲ. ಓದಿ, ಮಡಚಿ, "ನಂಗೆ ಅವತ್ತೇ ಗೊತ್ತಿತ್ತು ಕಣವ್ವ" ಅಂದುಬಿಡುತ್ತೀರೇನೋ — ನನಗೆ ಭಯವಿರುವುದು ಆ ಒಂದು ಮಾತಿಗೆ.

ಆದರೂ ಬರುತ್ತೇನೆ.